ಸವತಿಯ ಬಲಮಗ್ಗುಲು

ಕೊಳವೆಯೊಳಗಿಂದ ಕಂಬಿ ಬಿತ್ತು, ಆದರೆ ಒಳಗಿಳಿಯಲಿಲ್ಲ. ಮೇಜಿನ ಮೇಲೆ ಪಕ್ಕಕ್ಕೆ ಮಲಗಿಸಿದ್ದ ಹಡಗಿನ ಬಲಮಗ್ಗುಲಿಗೆ ಬಡಿದು, ಪುಟಿದು, ಉರುಳಿಕೊಂಡು ಹೋಗಿ ಕಂಡಕ್ಟರನ ಬೂಟಿನ ಪಕ್ಕ ಬಿತ್ತು.

"ಇದೇನಪ್ಪಾ ಇದು!" ಎಂದ ಕಂಡಕ್ಟರ್. ಕಂಬಿ ಎತ್ತಿಕೊಂಡು ಅದರ ತುದಿ ನೋಡಿದ. ತುದಿ ಸರಿಯಾಗಿಯೇ ಇತ್ತು. ಕೊಳವೆಯನ್ನು ನಾಲ್ಕು ಬೆರಳು ಆಚೆ ಸರಿಸಿ ಮತ್ತೆ ಬಿಟ್ಟ. ಮತ್ತೆ ಅದೇ ಕಥೆ. ಸುತ್ತ ನಿಂತಿದ್ದವರು ಕತ್ತು ಚಾಚಿದರು.

ಹೊರಗಿನವರಿಗೆ ಈ ಹೊಂಡದ ನ್ಯಾಯ ಸುಲಭಕ್ಕೆ ತಲೆಗೆ ಹೋಗುವುದಿಲ್ಲ. ಲೋಕದಲ್ಲಿ ಹಡಗು ಕಟ್ಟುವವರು ಅದು ಮುಳುಗದ ಹಾಗೆ ಕಟ್ಟುತ್ತಾರೆ. ಹಳೆಯ ಇಟ್ಟಿಗೆ ಕಾರ್ಖಾನೆಯ ಹಿಂದೆ, ಮಣ್ಣು ತೆಗೆದು ತೆಗೆದು ಆದ ಹೊಂಡದ ದಡದಲ್ಲಿ ಭಾನುವಾರ ಸೇರುವ ಈ ಮಂದಿ ಮಾತ್ರ ಮುಳುಗಲು ಬರುವ ಹಾಗೆ ಕಟ್ಟುತ್ತಾರೆ. ನೆಟ್ಟಗೆ ನಿಲ್ಲಿಸಿದರೆ ಎದೆಯ ಮಟ್ಟಕ್ಕೆ ಬರುವಷ್ಟು ಉದ್ದದ ಯುದ್ಧನೌಕೆಗಳು. ದಡದಲ್ಲಿ ನಿಂತು ರಿಮೋಟಿನಿಂದ ಓಡಿಸುವಂಥವು. ಆಟಿಕೆ ಅಂದೀರಿ, ಜೋಕೆ! ಅವುಗಳ ಫಿರಂಗಿಯಿಂದ ಗ್ಯಾಸಿನ ಒತ್ತಡಕ್ಕೆ ಕಾಳುಮೆಣಸಿನ ಗಾತ್ರದ ಉಕ್ಕಿನ ಗುಂಡು ನಿಜವಾಗಿ ಹಾರುತ್ತದೆ, ಎದುರಿನ ಹಡಗಿಗೆ ನಿಜವಾಗಿ ತೂತು ಬೀಳುತ್ತದೆ, ನೀರು ನುಗ್ಗಿದ ಹಡಗು ನಿಜವಾಗಿ ಮುಳುಗುತ್ತದೆ. ಆಮೇಲೆ ಅದನ್ನು ಎತ್ತಿ ತಂದು, ಒಣಗಿಸಿ, ತೂತು ಮುಚ್ಚಿ, ಮುಂದಿನ ಸಲಕ್ಕೆ ಅಣಿ ಮಾಡುವುದು. ಇದಕ್ಕೆಲ್ಲ ಒಂದು ಕಟ್ಟಳೆಯುಂಟು; ಅದನ್ನು ನೋಡಿಕೊಳ್ಳುವವನು ವಾರವೆಲ್ಲ ಬಸ್ಸಿನಲ್ಲಿ ಟಿಕೆಟ್ ಹರಿಯುವ ಈ ಕಂಡಕ್ಟರ್. ಒಳಗಿನ ಪಕ್ಕೆಲುಬು ಎಷ್ಟಾದರೂ ಗಟ್ಟಿ ಇರಲಿ, ಅದರ ಮೇಲೆ ಹೊದಿಸುವ ಚರ್ಮ ಮಾತ್ರ ಉಗುರಿನಲ್ಲಿ ಒತ್ತಿದರೆ ಗುರುತು ಬೀಳುವಂಥ ಹಗುರ ಮರದ ತೆಳು ಹಲಗೆಯದಾಗಬೇಕು. ಗೇಣುದ್ದದ ಕೊಳವೆಯೊಳಗಿಂದ ಬಿಟ್ಟ ಕಬ್ಬಿಣದ ಕಂಬಿ ಆ ಚರ್ಮವನ್ನು ತೂರಿಕೊಂಡು ಹೋಗಬೇಕು. ಹೋಗದಿದ್ದರೆ ಆ ಹಡಗು ನೀರಿಗಿಳಿಯುವ ಹಾಗಿಲ್ಲ.

ಕಂಬಿ ಪುಟಿದದ್ದು ಹಲ್ಲಣ್ಣನ ಹಡಗಿನ ಮೇಲೆ. ಊರಿನ ಮುದುಕರಲ್ಲಿ ಅರ್ಧದಷ್ಟು ಮಂದಿ ಅಗಿಯುವುದು ಅವನು ಮಾಡಿಕೊಟ್ಟ ಹಲ್ಲಿನ ಸೆಟ್ಟಿನಲ್ಲಿ. ಅದಕ್ಕೇ ಆ ಹೆಸರು. ಹಡಗಿಗೆ ಸವತಿ ಅಂತ ಹೆಸರಿಟ್ಟವಳು ಅವನ ಹೆಂಡತಿ. ಮದುವೆಯಾದ ಹೊಸದರಲ್ಲಿ, ರಜೆಯ ದಿನವೆಲ್ಲ ಗಂಡ ಅದರ ಮುಂದೆಯೇ ಕೂತಿರುವುದನ್ನು ಕಂಡು, "ಸವತಿ ಇದಾಳೆ ಅಂತ ಮೊದಲೇ ಹೇಳಿದ್ರೆ ನಾನು ಬರ್ತಾನೇ ಇರ್ಲಿಲ್ಲ" ಅಂದಿದ್ದಳು. ಹೊಂಡದ ಮಂದಿಗೆ ಅಷ್ಟು ಸಾಕಾಯಿತು. ಅವಳು ಬಟ್ಟೆ ಹೊಲಿಯುವವಳು, ಅದಕ್ಕಿಂತ ಹೆಚ್ಚಾಗಿ ಹರಿದದ್ದನ್ನು ರಿಪೇರಿ ಮಾಡಿಕೊಡುವವಳು. ಎಲ್ಲರೂ ಕರೆಯುವುದು ಟೈಲರಮ್ಮ ಎಂದು.

ಎರಡು ವರ್ಷದ ಹಿಂದೆ ಹಲ್ಲಣ್ಣನ ಬಲಗೈ ನಡುಗತೊಡಗಿತು. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಒಸಡಿಗೆ ಚುಚ್ಚುವ ಕೆಲಸ ಅವನದು, ಅದನ್ನು ಬಿಡಬೇಕಾಯಿತು. ಮಾತ್ರೆ ನುಂಗಿದರೆ ಸ್ವಲ್ಪ ಹೊತ್ತು ಕೈ ಹೇಳಿದ ಮಾತು ಕೇಳುತ್ತದೆ, ಆಮೇಲೆ ಮತ್ತೆ ಅದರ ಪಾಡಿಗೆ ಅದು. ಹೋದ ತಿಂಗಳು ಅವನೇ ಕಂಡಕ್ಟರನಿಗೆ ಫೋನು ಮಾಡಿ, "ಇನ್ನೊಂದೇ ಒಂದು ಸಲ ಬರ್ತೀನಿ. ನನ್ನ ಕೈಯಲ್ಲೇ ಓಡಿಸ್ತೀನಿ. ಆಮೇಲೆ ಸಾಕು" ಎಂದಿದ್ದ. ಆ ಒಂದು ಸಲ ಇವತ್ತು.

ಕಂಡಕ್ಟರ್ ಅತ್ತಿತ್ತ ನೋಡಿ ಬಗ್ಗಿದ. "ಹಲ್ಲಣ್ಣ, ಕಂಬೀನೇ ಯಾಕೋ ಹಗುರ ಆಗಿದೆ. ಪಾಸು ಅಂತ ಕೂಗಿಬಿಡ್ತೀನಿ."

"ಕಂಬಿ ಹಗುರ ಆಗೋಕೆ ಅದೇನು ಊಟ ಬಿಟ್ಟಿತ್ತಾ?"

"ಯಾರೂ ಏನೂ ಅನ್ನಲ್ಲ ಕಣಯ್ಯ."

"ಟಿಕೆಟ್ ಇಲ್ದೆ ಯಾರನ್ನಾದ್ರೂ ಹತ್ತಿಸ್ಕೊಂಡಿದೀಯಾ ನಿನ್ನ ಬಸ್ಸಿಗೆ?"

"ನಮ್ಮೋರನ್ನ ಹತ್ತಿಸ್ಕೊಂಡಿದೀನಪ್ಪ, ಸುಳ್ಳ್ಯಾಕೆ ಹೇಳ್ಲಿ."

"ಹಾಗಾದ್ರೆ ನಾನು ಇಳ್ಕೋತೀನಿ" ಎಂದ ಹಲ್ಲಣ್ಣ. ಅವನ ದನಿ ಕಾಯಿಲೆಯಿಂದ ಸಣ್ಣದಾಗಿತ್ತು, ಆದರೂ ಎಲ್ಲರಿಗೂ ಕೇಳಿಸಿತು. "ಅವರ ಗುಂಡು ನಂಗೆ ತಾಗಲ್ಲ, ನನ್ನ ಗುಂಡು ಅವರಿಗೆ ತಾಗುತ್ತೆ ಅಂದ್ರೆ ಅದೆಂಥ ಯುದ್ಧವೋ? ನಾಚಿಕೆಗೇಡು."

ಅವನು ಹಡಗಿನ ಮಗ್ಗುಲನ್ನು ಬೆರಳಿನಿಂದ ತಡವಿದ. ಕಂಬಿ ಬಡಿದ ಜಾಗದಲ್ಲಿ ಬಣ್ಣ ಸ್ವಲ್ಪ ಎದ್ದಿತ್ತು. ಉಗುರಿನಿಂದ ಕೆರೆದ. ಬಣ್ಣದ ಕೆಳಗೆ ಹಲಗೆ, ಹಲಗೆಯ ಬಿರುಕಿನಲ್ಲಿ ನೂಲು. ಎಳೆದರೆ ಬರಲೊಲ್ಲದ, ಅಂಟಿನಲ್ಲಿ ನೆನೆದು ಒಣಗಿದ ಬಟ್ಟೆಯ ನೂಲು.

"ಇಲ್ನೋಡೇ" ಎಂದ ಹೆಂಡತಿಗೆ. "ಒಳಗೆ ಬಟ್ಟೆ ಇದೆ. ನಾನು ಬಟ್ಟೆ ಹಾಕಿದೀನಿ."

ಟೈಲರಮ್ಮ ಎದ್ದ ಬಣ್ಣವನ್ನು ಬೆರಳಿನಿಂದ ಒತ್ತಿ ಕೂರಿಸಲು ಹೋದಳು.

"ಯಾವಾಗ ಹಾಕ್ದೆ ನಾನು? ನಂಗೆ ನೆನಪೇ ಇಲ್ವಲ್ಲೇ. ಇಷ್ಟು ವರ್ಷ ಈ ಕೆಲಸ ಮಾಡಿದೋನು ಬಟ್ಟೆ ಯಾಕೆ ಹಾಕ್ದೆ?" ಅವನು ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡ. "ಕೈ ಆಯ್ತು. ಈಗ ತಲೆಗೂ ಬಂತು ಅನ್ಸುತ್ತೆ. ಡಾಕ್ಟರು ಹೇಳಿದ್ರಲ್ಲ, ಮರೆವು ಬರಬಹುದು ಅಂತ."

ಪಾಪ, ಆ ಬಟ್ಟೆ ಎಲ್ಲಿಂದ ಬಂತೆಂದು ಟೈಲರಮ್ಮನಿಗೆ ಗೊತ್ತಿತ್ತು. ಮೂರು ವಾರದ ಹಿಂದೆ ಒಂದು ಬೆಳಗ್ಗೆ ಹಲ್ಲಣ್ಣ ಊಟದ ಮೇಜಿನ ಮೇಲೆ ಪತ್ರಿಕೆ ಹಾಸಿಕೊಂಡು, ಕಳೆದ ಯುದ್ಧದಲ್ಲಿ ಜರಡಿಯಾಗಿದ್ದ ಬಲಮಗ್ಗುಲಿಗೆ ಹೊಸ ಚರ್ಮ ಹೊದಿಸಲು ಕೂತಿದ್ದ. ಹಲಗೆ ಸೊಟ್ಟಗೆ ಕೂತಿತು. ಮೇಲೆ ಅಂಟಿಸಿದ ತೆಳು ಕಾಗದ ಸುಕ್ಕುಗಟ್ಟಿತು. ಬ್ರಷ್ಷು ಎರಡು ಸಲ ಕೈಜಾರಿ ನೆಲಕ್ಕೆ ಬಿತ್ತು. ಮೂರನೆಯ ಸಲ ಅವನೇ ಅದನ್ನು ಗೋಡೆಗೆ ಎಸೆದು, ಯಾರನ್ನೋ ಬೈದುಕೊಂಡು, ಕೈಗೆ ಕಸರತ್ತು ಮಾಡಿಸುವವರ ಹತ್ತಿರ ಹೊರಟುಹೋದ. ಅವನು ಬಾಗಿಲು ದಾಟಿದ ಮೇಲೆ ಅವಳು ಬ್ರಷ್ಷು ಎತ್ತಿ ತೊಳೆದಳು. ಆ ಸುಕ್ಕು ಮಗ್ಗುಲನ್ನು ನೋಡನೋಡುತ್ತಲೇ ಅವಳಿಗೆ ಅಳು ಬಂತು. ಅದಷ್ಟನ್ನೂ ಕಿತ್ತುಹಾಕಿ ತಾನೇ ಕೂತಳು.

ಹೇಳಿ ಕೇಳಿ ಟೈಲರು. ಹರಿದು ಬಂದದ್ದು ಹರಿದಲ್ಲಿಯೇ ಮತ್ತೆ ಹರಿದರೆ ಅಂಗಡಿಯ ಹೆಸರು ಕೆಡುತ್ತದೆ ಎಂದು ಕಲಿತವಳು. ಹಲಗೆಯ ಒಳಗಡೆಗೆ ಕೋಟಿನ ಲೈನಿಂಗಿನಲ್ಲಿ ಉಳಿದಿದ್ದ ರೇಷ್ಮೆಯನ್ನು ಎರಡು ಪದರ ಕೊಟ್ಟು, ಅಂಟು ಉಣಿಸಿ, ಅಂಗೈಯಲ್ಲಿ ನೀವಿ ನೀವಿ ಕೂರಿಸಿದಳು. ಮೇಲೆ ಕಾಗದ, ಅದರ ಮೇಲೆ ವಾರ್ನಿಷು, ಮತ್ತೊಂದು ಸಲ ವಾರ್ನಿಷು. ಜನ್ಮದಲ್ಲಿ ಅಷ್ಟು ಚೆನ್ನಾಗಿ ಏನನ್ನೂ ರಿಪೇರಿ ಮಾಡಿರಲಿಲ್ಲ. ಗಂಡ ಬಂದ ಮೇಲೆ ಹೇಳಿ ಬೈಸಿಕೊಂಡರಾಯಿತು ಅಂದುಕೊಂಡಿದ್ದಳು. ಅವನು ಬಂದ, ಮಗ್ಗುಲು ಸವರಿದ, ಮುಖ ಅರಳಿತು. "ಬೆಳಗ್ಗೆ ಸುಮ್ನೆ ಸಿಟ್ಟು ಮಾಡ್ಕೊಂಡೆ ಕಣೇ. ಒಣಗಿದ ಮೇಲೆ ಎಷ್ಟು ಚೆನ್ನಾಗಿ ಕೂತಿದೆ ನೋಡು! ನನ್ನ ಕೈ ಇನ್ನೂ ಪೂರ್ತಿ ಹೋಗಿಲ್ಲ" ಎಂದ. ಅವತ್ತು ಎರಡು ಸಲ ಬಡಿಸಿಕೊಂಡು ಉಂಡ. ಮಾರನೆಯ ದಿನದಿಂದ ತಾನೇ ಗಡ್ಡ ಹೆರೆದುಕೊಳ್ಳಲು ಶುರು ಮಾಡಿದ. ಬಾಯಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಆ ಖುಷಿಯನ್ನು ಯಾವ ಬಾಯಿಂದ ಕಿತ್ತುಕೊಳ್ಳುವುದು?

ಈಗ ಹೇಳದೆ ಗತಿಯಿಲ್ಲ. ಹೇಳಿದರೆ ಕೈಯ ಮೇಲಿನ ಭರವಸೆ ಹೋಯಿತು, ಹೇಳದಿದ್ದರೆ ತಲೆಯ ಮೇಲಿನದು. ಅವನು ತನ್ನ ಹಣೆಯನ್ನು ತಾನೇ ಮುಟ್ಟಿ ನೋಡಿಕೊಳ್ಳುತ್ತಿದ್ದ. ಅದನ್ನು ಅವಳಿಗೆ ನೋಡಲಾಗಲಿಲ್ಲ.

"ನೀವು ಹಾಕಿಲ್ಲ ರೀ" ಎಂದಳು. "ನಾನು ಹಾಕಿದ್ದು."

"ಏನು?"

"ಆ ಬಟ್ಟೆ ನಾನು ಹಾಕಿದ್ದು. ನೀವು ಕಸರತ್ತಿಗೆ ಹೋಗಿದ್ರಲ್ಲ, ಆವಾಗ."

"ಹಾಗಾದ್ರೆ ನಾನು ಮಾಡಿದ್ದು?"

"ಕಿತ್ತೆ. ಸುಕ್ಕಾಗಿತ್ತು."

"ಎಲ್ಲಾನೂ?"

"ಎಲ್ಲಾನೂ."

ಹಲ್ಲಣ್ಣ ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟು ನೋಡಿದ. ಮಾತ್ರೆಯ ಬಲದಲ್ಲಿ ಅದು ಸುಮ್ಮನೆ ಬಿದ್ದಿತ್ತು. ಕಂಡಕ್ಟರ್ ಕಂಬಿಯನ್ನು ಅಂಗಿಗೆ ಒರೆಸುತ್ತ ಆಕಾಶ ನೋಡಿದ.

"ತಲೆ ಸರಿ ಇದೆ ಹಾಗಾದ್ರೆ ನಂದು" ಎಂದ ಹಲ್ಲಣ್ಣ ಕೊನೆಗೆ.

"ನಿಮ್ಮ ತಲೆ ಯಾವತ್ತು ಸರಿ ಇತ್ತು?" ಎಂದಳು ಟೈಲರಮ್ಮ.

"ಹಡಗಿಗೆ ಯಾರಾದ್ರೂ ಲೈನಿಂಗ್ ಕೊಡ್ತಾರೇನೇ, ಮಾರಾಯ್ತಿ?" ಅವನ ದನಿಯಲ್ಲಿ ಸಿಟ್ಟಿತ್ತು, ನೋವಿತ್ತು, ಎರಡನ್ನೂ ಮುಚ್ಚಿಡಲು ಹೋಗಲಿಲ್ಲ. "ಹೇಳಬಾರದಿತ್ತಾ ನಂಗೆ? ನಾನೊಬ್ಬ ಹುಚ್ಚನ ತರ ಮೂರು ವಾರ ಕುಣೀತಿದ್ದೆ."

"ಕುಣೀಲಿ ಅಂತಾನೇ ಹೇಳ್ಲಿಲ್ಲ."

ಹಲ್ಲಣ್ಣ ಕುರ್ಚಿಯಲ್ಲಿ ಕುಸಿದು ಕೂತ. ಇನ್ನೇನು ಮನೆಗೆ ಹೊರಡೋಣ ಅನ್ನುತ್ತಾನೆ ಅಂದುಕೊಂಡರು ಎಲ್ಲರೂ. ಅವನು ಕಂಡಕ್ಟರನ ಕಡೆ ತಿರುಗಿ, "ಎರಡನೇ ಯುದ್ಧ ಎಷ್ಟೊತ್ತಿಗೆ?" ಎಂದು ಕೇಳಿದ.

"ಮೊದಲನೇದು ಮುಗಿದ ಕೂಡ್ಲೇ."

"ಅಷ್ಟರಲ್ಲಿ ಹೊಸ ಚರ್ಮ ಹಾಕಿದ್ರೆ ಮತ್ತೆ ಕಂಬಿ ಬಿಡ್ತೀಯಾ?"

"ಬಿಡ್ತೀನಿ. ಆದ್ರೆ ಯಾರು ಹಾಕ್ತಾರೆ?"

ಹಲ್ಲಣ್ಣ ಹೆಂಡತಿಯನ್ನು ನೋಡಿದ. "ಇನ್ಯಾರು? ಹಾಳು ಮಾಡಿದೋಳೇ ಹಾಕ್ತಾಳೆ."

ಬೆಳಗ್ಗೆ ಬಂದ ಕೂಡಲೇ ಮಾತ್ರೆ ನುಂಗಿ ಆಗಿತ್ತು. ಇನ್ನೊಂದನ್ನು ಹೊತ್ತಿಗೆ ಮುಂಚೆ ನುಂಗುವ ಹಾಗಿಲ್ಲ. ಮಾತ್ರೆಯ ಬಲ ಇಳಿಯುವ ಮೊದಲು ಚರ್ಮ ಹೊದಿಸಿ, ಒಣಗಿಸಿ, ಪಾಸಾಗಿ, ನೀರಿಗಿಳಿಯಬೇಕು. ದನದ ಡಾಕ್ಟರಮ್ಮ ತನ್ನ ಪೆಟ್ಟಿಗೆಯಿಂದ ತೆಳು ಹಲಗೆಯನ್ನೂ ಬೇಗ ಹಿಡಿಯುವ ಅಂಟನ್ನೂ ತಂದಿಟ್ಟಳು. ಹಸು ಎಮ್ಮೆಗಳ ಹೆರಿಗೆ ಮಾಡಿಸುವ ಈ ಗಟ್ಟಿಗಿತ್ತಿಯೇ ಕಳೆದ ಸಲ ಸವತಿಯನ್ನು ಮುಳುಗಿಸಿದ್ದು. "ನಾನು ಹೊಡೆದ ತೂತು, ಹಲಗೆ ನಂದೇ ಇರ್ಲಿ" ಎಂದಳು. ಇವತ್ತು ಎರಡನೆಯ ಯುದ್ಧದಲ್ಲಿ ಎದುರು ಬರುವವಳೂ ಅವಳೇ.

ಟೈಲರಮ್ಮ ಬ್ಲೇಡು ಹಿಡಿದು ತನ್ನ ಕೆಲಸವನ್ನು ತಾನೇ ಕಿತ್ತಳು. ಅಷ್ಟು ಚೆನ್ನಾಗಿ ಕೂತಿದ್ದ ರೇಷ್ಮೆ ಸುಲಭಕ್ಕೆ ಬಿಡಲಿಲ್ಲ. ಒಳಗಿನ ಪಕ್ಕೆಲುಬುಗಳು, ಮೋಟಾರು, ನೀರೆತ್ತುವ ಪುಟ್ಟ ಪಂಪು, ಗ್ಯಾಸಿನ ಕೊಳವೆ ಎಲ್ಲ ಒಂದೊಂದಾಗಿ ಕಾಣಿಸಿದವು. ಹಲ್ಲಣ್ಣ ಹಲಗೆ ಹಿಡಿದುಕೊಳ್ಳಲು ಹೋದ. ಅದು ಅವನ ಬೆರಳುಗಳ ನಡುವೆ ಸಣ್ಣಗೆ ಕಂಪಿಸಿತು. ಅವನು ಅದನ್ನು ಕೆಳಗಿಟ್ಟು, ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿ ಕೂತು, ಬಾಯಿಮಾತಿನಲ್ಲೇ ಕೆಲಸ ಮಾಡಿಸಿದ.

"ಅಂಟು ಪಕ್ಕೆಲುಬಿಗೆ ಮಾತ್ರ. ನಡುವೆ ಹಚ್ಚಬೇಡ. ಹಲಗೆ ಬಗ್ಗಿಸೋ ಮುಂಚೆ ಒದ್ದೆ ಬಟ್ಟೇಲಿ ಒರೆಸು. ಎಳೀಬೇಡ್ವೇ, ಬಟ್ಟೆ ಅಲ್ಲ ಅದು. ಅದರ ಪಾಡಿಗೆ ಅದು ಬರುತ್ತೆ."

ಕಾಗದ ಹೊದಿಸಿ ಒಂದು ಸಲ ವಾರ್ನಿಷು ಹಚ್ಚಿದ್ದಾಯಿತು. ಅವಳು ಮತ್ತೆ ಬ್ರಷ್ಷು ಅದ್ದಿದಳು.

"ಸಾಕು" ಎಂದ ಹಲ್ಲಣ್ಣ.

"ಇಷ್ಟೇನಾ? ಊದಿದ್ರೆ ಹರಿಯುತ್ತಲ್ರೀ ಇದು."

"ನೀರು ತಡೆದ್ರೆ ಸಾಕು."

"ಗುಂಡು?"

"ಗುಂಡು ಬಂದ್ರೆ ಹರೀಬೇಕು."

"ನಂಗೆ ಕೈ ಒಪ್ತಿಲ್ಲ ರೀ." ಅವಳ ಕಣ್ಣಲ್ಲಿ ನೀರು ನಿಂತಿತ್ತು. "ಹರೀಲಿ ಅಂತ ಹೇಗೆ ಮಾಡೋದು ಕೆಲಸಾನ? ನಂಗೆ ಅದು ಗೊತ್ತಿಲ್ಲ."

"ಒಪ್ಪು ಅಂತ ಹೇಳು ನಿನ್ನ ಕೈಗೆ. ನಿಂದಾದ್ರೂ ಹೇಳಿದ ಮಾತು ಕೇಳುತ್ತೆ."

ಅವಳು ಬ್ರಷ್ಷನ್ನು ಕೆಳಗಿಟ್ಟಳು. ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ ಒಂದು ರಟ್ಟು ಹಿಡಿದು ಮಗ್ಗುಲಿಗೆ ಗಾಳಿ ಹಾಕುತ್ತ ಕೂತಳು. ಹೊಂಡದ ಕಡೆಯಿಂದ ಮೊದಲ ಯುದ್ಧದ ಕೂಗಾಟ ಕೇಳಿಸುತ್ತಿತ್ತು. ಹಲ್ಲಣ್ಣ ಆಗಾಗ ಬಲಗೈಯನ್ನು ಹೊರತೆಗೆದು ನೋಡಿ ಮತ್ತೆ ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದ.

ಕಂಡಕ್ಟರ್ ಬಂದು ಕೊಳವೆ ಇಟ್ಟು ಕಂಬಿ ಬಿಟ್ಟ. ಕಂಬಿ ಹೊಸ ಚರ್ಮವನ್ನು ತೂರಿ ಅರ್ಧ ಒಳಗಿಳಿದು ನಿಂತಿತು. "ಅಯ್ಯೋ!" ಅಂದಳು ಟೈಲರಮ್ಮ. ಈಗ ತಾನೇ ಹೊದಿಸಿದ್ದು! ಸುತ್ತಲಿನವರು ಚಪ್ಪಾಳೆ ತಟ್ಟಿದರು. "ಪಾಸು!" ಎಂದು ಬಸ್ಸು ಹೊರಡಿಸುವ ದನಿಯಲ್ಲಿ ಕೂಗಿ ಕಂಡಕ್ಟರ್ ಆ ತೂತಿಗೆ ಟೇಪಿನ ತುಂಡೊಂದನ್ನು ಅಂಟಿಸಿದ.

ಎಲ್ಲರೂ ಗುಂಡು ತಗುಲದಂತೆ ದಪ್ಪ ಕನ್ನಡಕ ಹಾಕಿಕೊಂಡರು. ಸವತಿ ನೀರಿಗಿಳಿಯಿತು. ಹಲ್ಲಣ್ಣ ರಿಮೋಟನ್ನು ಹೊಟ್ಟೆಗೆ ಒತ್ತಿ ಹಿಡಿದು, ಎರಡು ಹೆಬ್ಬೆರಳನ್ನೂ ಕಡ್ಡಿಗಳ ಮೇಲಿಟ್ಟು ನಿಂತ. ಹಡಗು ಹೊಂಡದ ನಡುವಿಗೆ ನೆಟ್ಟಗೆ ಹೋಯಿತು. ಅವನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಟೈಲರಮ್ಮ ಪಕ್ಕದಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು. ಇಷ್ಟು ವರ್ಷದಲ್ಲಿ ಅವನನ್ನು ಈ ಕೆಲಸದಲ್ಲಿ ಒಂದು ಸಲವೂ ಸರಿಯಾಗಿ ನೋಡಿರಲಿಲ್ಲವಲ್ಲ ಎಂದು ಅವಳಿಗೆ ಬಹಳ ಸಂಕಟವಾಯಿತು.

ಡಾಕ್ಟರಮ್ಮನ ಹಡಗು ಚಿಕ್ಕದು, ಚುರುಕಿನದು. ಅದು ಹಿಂದಿನಿಂದ ಸುತ್ತಿಕೊಂಡು ಬಂತು. ಹಲ್ಲಣ್ಣ ಅದು ಹತ್ತಿರವಾಗುವವರೆಗೂ ಕಾದು, ಹಿಂಬದಿಯ ಫಿರಂಗಿ ಹಾರಿಸಿದ. ಅದರ ಮೂತಿಯ ಹತ್ತಿರ ಎರಡು ತೂತು ಬಿದ್ದವು. "ಭಲೇ!" ಎಂದು ಕಂಡಕ್ಟರ್ ಕುಣಿದ. ಡಾಕ್ಟರಮ್ಮ ಒಂದು ಸಲ ಹಲ್ಲಣ್ಣನ ಕೈಯ ಕಡೆ ನೋಡಿದಳು. ಮಾತ್ರೆ ಇಳಿಯತೊಡಗಿತ್ತು. ಬಲ ಹೆಬ್ಬೆರಳು ಕಡ್ಡಿಯ ಮೇಲೆ ತಕತಕ ಬಡಿಯುತ್ತಿತ್ತು, ಸವತಿ ಬೇಡದ ಕಡೆಗೆಲ್ಲ ಹೊರಳುತ್ತಿತ್ತು. ಅವಳು ತುಟಿ ಬಿಗಿದು ತನ್ನ ಹಡಗನ್ನು ಸವತಿಯ ಬಲಕ್ಕೆ ತಂದು ನಿಲ್ಲಿಸಿ ಹೊಡೆದಳು. ಒಂದಾದ ಮೇಲೊಂದು. ಪ್ರತಿ ಗುಂಡಿಗೂ ಟಪ್ಪೆಂದು ಸಣ್ಣ ಸದ್ದಾಗುತ್ತಿತ್ತು.

ಟೈಲರಮ್ಮನಿಗೆ ಸಾಕು ನಿಲ್ಲಿಸಿ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಸವತಿಯ ಪಂಪು ಒಳಗಿನ ನೀರನ್ನು ಸಣ್ಣ ಕಾರಂಜಿಯಾಗಿ ಹೊರಗೆ ಚಿಮ್ಮಿಸುತ್ತಿತ್ತು, ಆದರೆ ಬರುವ ನೀರೇ ಹೆಚ್ಚಾಗಿತ್ತು. ಹಡಗು ಬಲಕ್ಕೆ ವಾಲಿತು.

"ದಡಕ್ಕೆ ತಾ ಹಲ್ಲಣ್ಣ!" ಎಂದು ಕೂಗಿದ ಕಂಡಕ್ಟರ್. "ದಡ ಮುಟ್ಟಿದ್ರೆ ಬಚಾವು!"

"ಹಿಡ್ಕೊಳ್ಲಾ?" ಎಂದಳು ಟೈಲರಮ್ಮ ಮೆಲ್ಲಗೆ, ಅವನ ಕೈಯ ಹತ್ತಿರ ಕೈ ತಂದು.

"ಬೇಡ" ಎಂದ ಅವನು. "ನಾನೇ."

ಅವನು ದಡದ ಕಡೆಗೆ ತರಲಿಲ್ಲ. ಹಲ್ಲು ಕಚ್ಚಿ, ಕುಣಿಯುವ ಹೆಬ್ಬೆರಳಿನಲ್ಲೇ ಹಡಗನ್ನು ಒದ್ದಾಡಿಸಿ ಒದ್ದಾಡಿಸಿ ಡಾಕ್ಟರಮ್ಮನ ಕಡೆಗೆ ತಿರುಗಿಸಿದ, ಉಳಿದ ಗುಂಡನ್ನೆಲ್ಲ ಒಂದೇ ಸಲಕ್ಕೆ ಬಿಟ್ಟ. ಒಂದು ತಾಗಿತು, ಉಳಿದವು ನೀರಿಗೆ ಬಿದ್ದವು. ಸವತಿಯ ಮೂತಿ ತಗ್ಗಿತು, ಗೋಪುರ ವಾಲಿತು, ಹಿಂಭಾಗ ಒಂದು ಕ್ಷಣ ಮೇಲೆದ್ದು ಕಾಣಿಸಿ ಒಳಗೆ ಹೋಯಿತು. ದಾರ ಕಟ್ಟಿದ ಬೆಂಡು ಮಾತ್ರ ನೀರಿನ ಮೇಲೆ ತೇಲಿತು.

ಹಡಗು ಕಳೆದುಕೊಂಡವನು ರಿಮೋಟನ್ನು ತಲೆಯ ಮೇಲೆ ಎತ್ತಬೇಕು, ಆಗ ಎಲ್ಲರೂ ಗುಂಡು ನಿಲ್ಲಿಸಬೇಕು; ಅದು ಈ ಹೊಂಡದ ರೂಢಿ. ಹಲ್ಲಣ್ಣ ಎತ್ತಿದ. ಎತ್ತಿದ ತೋಳು ಭುಜದಿಂದಲೇ ನಡುಗುತ್ತಿತ್ತು, ಆದರೂ ಅವನು ಇಳಿಸಲಿಲ್ಲ. ಡಾಕ್ಟರಮ್ಮ ಮೊದಲು, ಆಮೇಲೆ ದಡದಲ್ಲಿದ್ದವರೆಲ್ಲ ತಮ್ಮ ರಿಮೋಟುಗಳನ್ನು ಕೆಳಗಿಟ್ಟರು.

ಎತ್ತಿ ತರಲು ಡಾಕ್ಟರಮ್ಮ ಬೂಟು ಬಿಚ್ಚತೊಡಗಿದಳು. ಟೈಲರಮ್ಮ ತಡೆದಳು. "ನೀವು ಬಿಡಿ. ಅವಳು ನಮ್ಮನೆಯೋಳು" ಎಂದು ಹೇಳಿ, ಉಟ್ಟ ಬಟ್ಟೆಯಲ್ಲೇ ಹೊಂಡಕ್ಕಿಳಿದಳು. ಕೆಸರಿನಲ್ಲಿ ಕಾಲು ಹೂತುಕೊಂಡಿತು. ಸೊಂಟದ ಮಟ್ಟಕ್ಕೆ ನೀರು ಬರುವವರೆಗೂ ಹೋಗಿ, ಬೆಂಡು ಹಿಡಿದು, ದಾರ ಎಳೆದು, ಹಡಗನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು ಬಂದಳು. ನೀರು ತುಂಬಿದ ಹಡಗು ಎಷ್ಟು ಭಾರ ಎಂದು ಅವಳಿಗೆ ಅವತ್ತೇ ಗೊತ್ತಾದದ್ದು.

ಹಲ್ಲಣ್ಣ ನೀರಿನ ಅಂಚಿಗೆ ಬಂದು ನಿಂತಿದ್ದ. ಮೂರು ವರ್ಷದ ಹಿಂದೆ ಕೈ ಇನ್ನೂ ನೆಟ್ಟಗಿದ್ದಾಗ ತಾನೇ ಹೊದಿಸಿದ್ದ ಎಡಮಗ್ಗುಲಿಗೂ ಹಡಗು ಹೊರಳುವಾಗ ಎರಡು ಗುಂಡು ತಾಗಿದ್ದವು. ಆ ತೂತುಗಳ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಈಚೆ ಬಂದು ಬಲಮಗ್ಗುಲಿನ ತೂತುಗಳನ್ನು ಮುಟ್ಟಿದ. ಮತ್ತೆ ಎಡಕ್ಕೆ ಹೋದ, ಮತ್ತೆ ಬಲಕ್ಕೆ ಬಂದ. ಅವಳು ಹಡಗು ಹೊತ್ತು ನಿಂತಿದ್ದಳು.

"ಒಂದೇ ತರ ಹರಿದಿದೆ ಕಣೇ" ಎಂದ.

ಅವಳು ಜೋರಾಗಿ ಅತ್ತುಬಿಟ್ಟಳು. ಅವನು ಅಳಬೇಡ ಅನ್ನಲಿಲ್ಲ. ಹಡಗಿನ ಕೆಳಗೆ ತನ್ನ ಕೈಯನ್ನೂ ಕೊಟ್ಟ. ಅವನ ಕೈಯ ನಡುಕ ಮರಕ್ಕೆ ಹತ್ತಿ, ಮರದಿಂದ ಅವಳ ತೋಳಿಗೆ ಬರುತ್ತಿತ್ತು. ಬಲಮಗ್ಗುಲಿನ ತೂತುಗಳಿಂದ ನೀರು ಇಬ್ಬರ ಕಾಲ ಮೇಲೂ ಸುರಿಯುತ್ತಿತ್ತು. ಅದು ಪೂರ್ತಿ ಖಾಲಿಯಾಗಲಿ ಎಂದು ಇಬ್ಬರೂ ಹಡಗನ್ನು ಸ್ವಲ್ಪ ಓರೆ ಮಾಡಿ ಹಿಡಿದುಕೊಂಡರು.